ಬೆಂಗಳೂರಿನಿಂದ ದುಬೈಗೆ ಎಷ್ಟು ಗಂಟೆ?

ಬೋಧನಾಭ್ಯಾಸದ ಎರಡನೆಯ ವಾರ ನಾನೊಂದು ತಪ್ಪು ಮಾಡಿದೆ. ನನ್ನ ಪಾಠಯೋಜನೆಯ ಪುಸ್ತಕವನ್ನು ಯಾರು ತಿರುವಿ ಹಾಕಿದರೂ ಆ ತಪ್ಪು ಸಿಗುವುದಿಲ್ಲ. ಆ ದಿನದ ವೀಕ್ಷಣಾ ಪುಟದಲ್ಲಿ ‘ಸಮಯ ನಿರ್ವಹಣೆ ಚೆನ್ನಾಗಿದೆ, ಕಪ್ಪುಹಲಗೆಯ ಬಳಕೆ ಉತ್ತಮ’ ಎಂದು ಬರೆದಿದೆ. ನನ್ನ ಪಾಠ ನೋಡಲು ಕುಳಿತಿದ್ದ ಸಹಪಾಠಿ ‘ವಿದ್ಯಾರ್ಥಿನಿಯ ತಪ್ಪು ಉತ್ತರವನ್ನು ಸರಿಪಡಿಸಲಾಯಿತು’ ಎಂದು ಬರೆದಿದ್ದಾಳೆ. ನನ್ನ ತಪ್ಪು ಇರುವುದು ಆ ಸಾಲಿನಲ್ಲೇ. ಅವಳು ನೋಡಿದ್ದನ್ನು ನೋಡಿದಂತೆ ಬರೆದಳು. ತಪ್ಪು ಮಾಡಿದವಳು ನಾನು. ಅದನ್ನು ಇಲ್ಲಿ ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಇದು ನನ್ನೊಬ್ಬಳ ಎಡವಟ್ಟಲ್ಲ, ನಾವು ಪಾಠಯೋಜನೆ ಬರೆಯುವ ರೀತಿಯಿಂದಲೇ ಹುಟ್ಟುವ ಎಡವಟ್ಟು ಎಂದು ನನಗೆ ಈಗ ಅನ್ನಿಸಿದೆ.

ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆ. ಒಂಬತ್ತನೆಯ ತರಗತಿ. ಘಟಕ ‘ಚಲನೆ’, ಅಂದಿನ ಕಲಿಕಾಂಶ ‘ಸರಾಸರಿ ಜವ’. ಹಿಂದಿನ ತರಗತಿಯಲ್ಲಿ ದೂರ ಮತ್ತು ಸ್ಥಾನಪಲ್ಲಟದ ವ್ಯತ್ಯಾಸ ಮುಗಿದಿತ್ತು. ಅದಕ್ಕೆ ನಾನು ನನ್ನ ಓಡಾಟವನ್ನೇ ಉದಾಹರಣೆ ಕೊಟ್ಟಿದ್ದೆ. ನನ್ನ ಮನೆ ಮಳವಳ್ಳಿ, ಬೋಧನಾಭ್ಯಾಸದ ಶಾಲೆ ಮದ್ದೂರಿನ ಕಡೆ, ಕಾಲೇಜು ಮಂಡ್ಯ. ಪಾಠಯೋಜನೆಗೆ ಸಹಿ ಹಾಕಿಸಬೇಕಾದ ದಿನ ಮೂರೂ ಊರು ಸುತ್ತಿ ಸಂಜೆ ಮನೆ ಸೇರುತ್ತೇನೆ. ಸವೆಸಿದ ದೂರ ಎಪ್ಪತ್ತೈದು ಕಿಲೋಮೀಟರ್ ಆಸುಪಾಸು, ಸ್ಥಾನಪಲ್ಲಟ ಸೊನ್ನೆ. ಮಕ್ಕಳು ನಕ್ಕಿದ್ದರು. “ಅಷ್ಟು ತಿರುಗಿಯೂ ಮಿಸ್ ಎಲ್ಲೂ ಹೋಗ್ನಿಲ್ಲ” ಎಂದು ಒಬ್ಬ ಹೇಳಿದ್ದ. ಆ ಪಾಠ ಚೆನ್ನಾಗಿ ನಡೆದಿತ್ತು, ಏಕೆಂದರೆ ಅದರಲ್ಲಿದ್ದ ಊರುಗಳು ಅವರು ನೋಡಿದ ಊರುಗಳು.

ಮಾರನೆಯ ದಿನ ಮಾತ್ರ ನನಗೆ ದೊಡ್ಡ ಉದಾಹರಣೆ ಬೇಕೆನ್ನಿಸಿತು. ಮೌಲ್ಯಮಾಪನದ ಹಂತಕ್ಕೆ ಹೀಗೊಂದು ಲೆಕ್ಕ ಬರೆದುಕೊಂಡೆ: ಬೆಂಗಳೂರಿನಿಂದ ದುಬೈಗೆ ಇರುವ ದೂರ 2,700 ಕಿ.ಮೀ. ವಿಮಾನದ ಜವ ಗಂಟೆಗೆ 900 ಕಿ.ಮೀ. ಆದರೆ ಪ್ರಯಾಣಕ್ಕೆ ಬೇಕಾದ ಕಾಲ ಎಷ್ಟು? ನಿರೀಕ್ಷಿತ ಉತ್ತರ: 3 ಗಂಟೆ. ದೂರ ನಿಜವಾದದ್ದೇ. ಜವವನ್ನು ಭಾಗಾಕಾರ ಶೇಷವಿಲ್ಲದೆ ಬರಲಿ ಎಂದು ನಾನೇ ಆರಿಸಿಕೊಂಡಿದ್ದೆ.

ತರಗತಿ ಒಟ್ಟಾಗಿ ‘ಮೂರು ಗಂಟೆ’ ಎಂದಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. “ಇಲ್ಲ ಮಿಸ್, ಎರಡೂವರೆ ಗಂಟೆ. ನಮ್ಮಪ್ಪ ದುಬೈನಲ್ಲವ್ರೆ. ಹತ್ತೂವರೆಗೆ ಬೆಂಗಳೂರು ಬಿಟ್ರೆ ಒಂದು ಗಂಟೆಗೆ ಅಲ್ಲಿರ್ತಾರೆ. ಬರುವಾಗ್ಲೇ ಜಾಸ್ತಿ, ಐದು ಗಂಟೆ ಮೇಲಾಯ್ತದೆ.”

ಗಡಿಯಾರ ನೋಡಿದೆ. ಆರು ನಿಮಿಷ ಉಳಿದಿತ್ತು, ಮನೆಗೆಲಸ ಕೊಡುವುದು ಬಾಕಿ ಇತ್ತು. “ಹಾಗೆ ಆಗಲ್ಲಮ್ಮ. ಹೋಗೋಕೂ ಬರೋಕೂ ದೂರ ಒಂದೇ. ಲೆಕ್ಕ ಮಾಡಿದ್ರೆ ಮೂರು ಗಂಟೆ. ನಿಮ್ಮಪ್ಪ ಅಂದಾಜಿಗೆ ಹೇಳಿರಬೇಕು” ಎಂದೆ. ಅವಳು ಕುಳಿತಳು. ಮುಂದಿನ ಲೆಕ್ಕವನ್ನು ಅವಳು ಬರೆದುಕೊಳ್ಳಲಿಲ್ಲ. ನಾನು ಅದನ್ನು ನೋಡಿದೆ, ನೋಡಿಯೂ ಮನೆಗೆಲಸ ಕೊಟ್ಟು ಪಾಠ ಮುಗಿಸಿದೆ.

ಸಂಜೆ ಮಳವಳ್ಳಿಯ ಬಸ್ಸಿನಲ್ಲಿ ಅವಳ ಮಾತು ಮತ್ತೆ ನೆನಪಾಯಿತು. ಅವಳು ಎರಡು ಸಂಖ್ಯೆ ಹೇಳಿದ್ದಳು. ಒಂದು ಚಿಕ್ಕದು, ಒಂದು ದೊಡ್ಡದು. ಅಂದಾಜಿಗೆ ಹೇಳುವವರು ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಸಂಖ್ಯೆ ಹೇಳುವುದಿಲ್ಲ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಓದಿ ಬಿ.ಎಸ್‌ಸಿ. ಮುಗಿಸಿದ ನನಗೆ ಅಷ್ಟು ಹೊಳೆಯಬೇಕಿತ್ತು. ದುಬೈನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅವಳ ಅಪ್ಪ ಎರಡೂ ಊರುಗಳ ಗಡಿಯಾರ ನೋಡಿ, ನೋಡಿದ್ದನ್ನು ಹೇಳಿದ್ದರು. ಅವರ ಸಂಖ್ಯೆಗಳು ಟಿಕೆಟ್‌ನಿಂದ ಬಂದವು, ನನ್ನ ಸಂಖ್ಯೆ ನಾನು ಕಟ್ಟಿದ ಲೆಕ್ಕದಿಂದ ಬಂದದ್ದು. ಕಟ್ಟಿದ ಲೆಕ್ಕವನ್ನು ಮುಂದಿಟ್ಟುಕೊಂಡು, ಕಂಡದ್ದನ್ನು ಹೇಳಿದವರದೇ ತಪ್ಪು ಎಂದು ವಿಜ್ಞಾನದ ತರಗತಿಯಲ್ಲಿ ನಾನು ತೀರ್ಪು ಕೊಟ್ಟಿದ್ದೆ. ಅದೂ ವರ್ಷಗಟ್ಟಲೆ ದೂರದಲ್ಲಿರುವ ಒಬ್ಬ ತಂದೆಯ ಮಾತಿನ ಮೇಲೆ, ಅವರ ಮಗಳ ಎದುರು, ನಲವತ್ತು ಮಕ್ಕಳ ನಡುವೆ.

ಮತ್ತೊಂದು ಪೀರಿಯಡ್

ಮಾರ್ಗದರ್ಶಿ ಶಿಕ್ಷಕರಿಗೆ ನಡೆದದ್ದನ್ನು ಹೇಳಿ ಇನ್ನೊಂದು ಪೀರಿಯಡ್ ಕೇಳಿದೆ. ಅವರು ಶನಿವಾರದ ಒಂದು ಪೀರಿಯಡ್ ಬಿಟ್ಟುಕೊಟ್ಟರು. ಮೊದಲಿಗೆ ತರಗತಿಯ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಆಮೇಲೆ ಆ ಹುಡುಗಿಯನ್ನು ಕೇಳಿದೆ: ಅಪ್ಪನ ಟಿಕೆಟ್‌ನಲ್ಲಿದ್ದ ಸಮಯ ಹೇಳಬಹುದಾ? ಅಮ್ಮನ ಫೋನಿನಲ್ಲಿದ್ದ ಟಿಕೆಟ್ ನೋಡಿ ಅವಳು ಬರೆದುಕೊಂಡೇ ಬಂದಿದ್ದಳು. ನಾನು ಒಪ್ಪಲಿಲ್ಲವೆಂದು ಮನೆಗೆ ಹೋಗಿ ಪರೀಕ್ಷಿಸಿದ್ದಳಂತೆ. ಹೋಗುವಾಗ ಬೆಂಗಳೂರು ಬಿಡುವುದು ಬೆಳಿಗ್ಗೆ 10:30, ದುಬೈ ಸೇರುವುದು ಮಧ್ಯಾಹ್ನ 1:00. ಬರುವಾಗ ದುಬೈ ಬಿಡುವುದು ಬೆಳಗಿನ ಜಾವ 3:00, ಬೆಂಗಳೂರು ಸೇರುವುದು 8:20. ಗಡಿಯಾರದ ಪ್ರಕಾರ ಹೋಗಲು 2 ಗಂಟೆ 30 ನಿಮಿಷ, ಬರಲು 5 ಗಂಟೆ 20 ನಿಮಿಷ.

ಇವೆರಡನ್ನೂ ಹಲಗೆಯ ಮೇಲೆ ಬರೆದು ಒಂದೇ ಪ್ರಶ್ನೆ ಕೇಳಿದೆ: ಇವು ವಿಮಾನ ಹಾರಿದ ನಿಜವಾದ ಕಾಲವಾಗಿದ್ದರೆ ಜವ ಎಷ್ಟಿರಬೇಕು? ಮಕ್ಕಳೇ ಭಾಗಿಸಿದರು. ಹೋಗುವಾಗ ಗಂಟೆಗೆ 1,080 ಕಿ.ಮೀ., ಬರುವಾಗ ಸುಮಾರು 506 ಕಿ.ಮೀ. ವಿಮಾನಗಳು ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಗಾಳಿ ತುಂಬ ತಣ್ಣಗಿರುತ್ತದೆ, ಅಲ್ಲಿ ಶಬ್ದದ ಜವವೇ ಗಂಟೆಗೆ ಹೆಚ್ಚುಕಡಿಮೆ 1,060 ಕಿ.ಮೀ. ಅಂದರೆ ಮೊದಲ ಸಂಖ್ಯೆ ನಿಜವಾದರೆ ಅವಳ ಅಪ್ಪ ಶಬ್ದಕ್ಕಿಂತ ಜೋರಾಗಿ ಹೋಗಿರಬೇಕು. ಅಂಥ ಪ್ರಯಾಣಿಕ ವಿಮಾನವಾಗಿದ್ದ ಕಾನ್‌ಕಾರ್ಡ್ 2003ರಲ್ಲೇ ಹಾರಾಟ ನಿಲ್ಲಿಸಿತು. ಎರಡನೆಯ ಸಂಖ್ಯೆ ನಿಜವಾದರೆ ಬರುವಾಗಿನ ವಿಮಾನ ಮೈಸೂರಿನ ಮಂಡಕಳ್ಳಿಗೆ ಬರುವ ಪ್ರೊಪೆಲ್ಲರ್‌ನ ಎಟಿಆರ್‌ನಷ್ಟೇ ನಿಧಾನ. ಒಂದೇ ಬಗೆಯ ವಿಮಾನ ಒಂದು ಕಡೆಗೆ ಹೀಗೆ, ಇನ್ನೊಂದು ಕಡೆಗೆ ಹಾಗೆ ಹಾರಲಾರದು. ಆದ್ದರಿಂದ ಗಡಿಯಾರದಲ್ಲೇ ಏನೋ ಇದೆ ಎಂದು ಮಕ್ಕಳೇ ಹೇಳಿದರು.

ಸಮಾಜವಿಜ್ಞಾನದಲ್ಲಿ ಓದಿದ್ದ ರೇಖಾಂಶ ಆಗ ನೆನಪಿಗೆ ಬಂತು. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಒಂದು ಡಿಗ್ರಿಗೆ 4 ನಿಮಿಷ. ಭಾರತದ ಕಾಲಮಾನದ ರೇಖಾಂಶ 82.5 ಡಿಗ್ರಿ ಪೂರ್ವ. ದುಬೈನ ಕಾಲಮಾನ 60 ಡಿಗ್ರಿ ಪೂರ್ವಕ್ಕೆ ಸೇರಿದ್ದು. ವ್ಯತ್ಯಾಸ 22.5 ಡಿಗ್ರಿ, ಅಂದರೆ 90 ನಿಮಿಷ. ಬೆಂಗಳೂರು ಮತ್ತು ದುಬೈ ನಗರಗಳ ಸ್ವಂತ ರೇಖಾಂಶಗಳ ನಡುವಿನ ವ್ಯತ್ಯಾಸವೂ 22 ಡಿಗ್ರಿ ಚಿಲ್ಲರೆ. ಹಾಗಾಗಿ ಇಲ್ಲಿ ಸೂರ್ಯನ ಲೆಕ್ಕವೂ ಸರ್ಕಾರದ ಗಡಿಯಾರದ ಲೆಕ್ಕವೂ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತವೆ. ಎಲ್ಲ ಊರುಗಳ ಜೋಡಿಗೂ ಹೀಗಿರುವುದಿಲ್ಲ.

ಇನ್ನು ಲೆಕ್ಕ ಸುಲಭ. ಹೋಗುವ ಎರಡೂವರೆ ಗಂಟೆಗೆ ಒಂದೂವರೆ ಸೇರಿಸಿದರೆ ನಾಲ್ಕು ಗಂಟೆ. ಬರುವ 5 ಗಂಟೆ 20 ನಿಮಿಷದಲ್ಲಿ ಒಂದೂವರೆ ಕಳೆದರೆ 3 ಗಂಟೆ 50 ನಿಮಿಷ.

ಇದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ದಾರಿ. ಅದನ್ನು ನಾನು ಪಾಠಕ್ಕೆ ತಯಾರಾಗುವಾಗ ಕಂಡುಕೊಂಡೆ. ಕಾಲಮಾನದ ವ್ಯತ್ಯಾಸ ಗೊತ್ತೇ ಇಲ್ಲ ಎಂದಿಟ್ಟುಕೊಳ್ಳಿ. ಹುಡುಗಿ ಹೇಳಿದ ಎರಡು ಸಂಖ್ಯೆಗಳನ್ನು ಕೂಡಿ: 7 ಗಂಟೆ 50 ನಿಮಿಷ. ಅರ್ಧ ಮಾಡಿ: 3 ಗಂಟೆ 55 ನಿಮಿಷ. ಅದೇ ಸರಾಸರಿ ಹಾರಾಟದ ಕಾಲ, ಏಕೆಂದರೆ ಹೋಗುವಾಗ ಗಡಿಯಾರದಿಂದ ಕಳೆದುಹೋದದ್ದು ಬರುವಾಗ ಸೇರಿಕೊಂಡು ಒಂದನ್ನೊಂದು ಹೊಡೆದುಹಾಕುತ್ತದೆ. ಈಗ ಅವೇ ಸಂಖ್ಯೆಗಳನ್ನು ಕಳೆಯಿರಿ: 2 ಗಂಟೆ 50 ನಿಮಿಷ. ಅರ್ಧ ಮಾಡಿ: 1 ಗಂಟೆ 25 ನಿಮಿಷ. ಅದು ಕಾಲಮಾನದ ವ್ಯತ್ಯಾಸಕ್ಕೆ ಬರೀ ಐದು ನಿಮಿಷ ಕಡಿಮೆ. ಆ ಐದು ನಿಮಿಷ ಎಲ್ಲಿ ಹೋಯಿತು? ಹೋಗುವ ಹಾರಾಟ ಬರುವುದಕ್ಕಿಂತ ಹತ್ತು ನಿಮಿಷ ಹೆಚ್ಚು ಹಿಡಿಯಿತಲ್ಲ, ಅದರ ಅರ್ಧ. ಹೊಳೆಯ ಸೆಳೆತದ ಜೊತೆಗೆ ಮತ್ತು ಸೆಳೆತದ ಎದುರಿಗೆ ದೋಣಿ ನಡೆಸುವ ಲೆಕ್ಕದಲ್ಲಿ ಕೂಡಿ ಅರ್ಧ ಮಾಡುವ, ಕಳೆದು ಅರ್ಧ ಮಾಡುವ ಉಪಾಯ ನಮಗೆಲ್ಲ ಗೊತ್ತು. ಇಲ್ಲಿಯೂ ಅದೇ ಉಪಾಯ. ನಾನು ‘ತಪ್ಪು’ ಎಂದು ತಳ್ಳಿದ ಉತ್ತರದೊಳಗೆ ಹಾರಾಟದ ಕಾಲವೂ ಇತ್ತು, ಕಾಲವಲಯವೂ ಇತ್ತು, ಗಾಳಿಯ ಸುಳಿವೂ ಇತ್ತು. ನನ್ನ ‘ಸರಿ’ ಉತ್ತರದೊಳಗೆ ಒಂದು ಭಾಗಾಕಾರ ಮಾತ್ರ ಇತ್ತು.

ಮೂರು ಗಂಟೆ ಏಕೆ ನಾಲ್ಕಾಯಿತು?

ಮಕ್ಕಳು ಅಲ್ಲಿಗೇ ನಿಲ್ಲಲಿಲ್ಲ. ನನ್ನ ಮೂರು ಗಂಟೆಗೂ ಟಿಕೆಟ್‌ನ ನಾಲ್ಕು ಗಂಟೆಗೂ ನಡುವಿನ ಒಂದು ಗಂಟೆಯ ಲೆಕ್ಕ ಕೇಳಿದರು. ಸರಾಸರಿ ಜವದ ನಿಜವಾದ ಪಾಠ ನಡೆದದ್ದು ಆಗ. ವಿಮಾನ ಇಡೀ ದಾರಿ ಒಂದೇ ಜವದಲ್ಲಿ ಹೋಗುವುದಿಲ್ಲ. ಟಿಕೆಟ್‌ನ ಸಮಯ ಶುರುವಾಗುವುದು ವಿಮಾನ ತಾನು ನಿಂತ ಜಾಗ ಬಿಟ್ಟಾಗ, ಮುಗಿಯುವುದು ಇನ್ನೊಂದು ಊರಿನಲ್ಲಿ ನಿಲ್ಲುವ ಜಾಗ ಸೇರಿದಾಗ. ನಡುವೆ ರನ್‌ವೇಗೆ ಉರುಳಿಕೊಂಡು ಹೋಗುವುದು, ಸರದಿ ಕಾಯುವುದು, ಏರುವುದು, ಇಳಿಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲ ಸೇರಿರುತ್ತವೆ. ಮೇಲೆ ಗಂಟೆಗೆ 830 ಕಿ.ಮೀ. ಆಸುಪಾಸಿನಲ್ಲಿ ಹಾರಿದರೂ ಇಡೀ ನಾಲ್ಕು ಗಂಟೆಗೆ ಲೆಕ್ಕ ಹಾಕಿದರೆ ಸರಾಸರಿ 675ಕ್ಕೆ ಇಳಿಯುತ್ತದೆ. ಊರೂರಿನಲ್ಲಿ ನಿಲ್ಲುತ್ತ ಹೋಗುವ ಮಳವಳ್ಳಿ ಬಸ್ಸು ನಡುವೆ ಅರವತ್ತರಲ್ಲಿ ಓಡಿದರೂ ಸರಾಸರಿ ಮೂವತ್ತನ್ನು ದಾಟಲು ಕಷ್ಟಪಡುವುದಿಲ್ಲವೇ, ಹಾಗೆ.

ದೂರದ ವಿಷಯವೂ ಅಷ್ಟೇ. 2,700 ಕಿ.ಮೀ. ಎಂದರೆ ಭೂಮಿಯ ಮೈಮೇಲೆ ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದ ದಾರದ ಉದ್ದ. ಶಾಲೆಯ ಅಲಮಾರಿನಲ್ಲಿ ಧೂಳು ಹಿಡಿದು ಕೂತಿದ್ದ 30 ಸೆಂ.ಮೀ. ವ್ಯಾಸದ ಗೋಳವನ್ನು ಹೊರಗೆ ತೆಗೆದೆವು. ಅದರ ಸುತ್ತಳತೆ ಸುಮಾರು 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ. ಹಾಗಾದರೆ ಒಂದು ಸೆಂಟಿಮೀಟರಿಗೆ ಸುಮಾರು 425 ಕಿ.ಮೀ. ಮಕ್ಕಳು ಹೊಲಿಗೆ ದಾರ ಎಳೆದು ಅಳೆದರು. ಗುಂಪುಗಳಿಗೆ 6 ಸೆಂ.ಮೀ.ಯಿಂದ 6.5 ಸೆಂ.ಮೀ. ತನಕ ಬಂತು, ಅಂದರೆ 2,550ರಿಂದ 2,760 ಕಿ.ಮೀ. ದಾರ ಬೆಂಗಳೂರು ಬಿಟ್ಟು ಗೋವಾದ ಹತ್ತಿರ ಕರಾವಳಿ ದಾಟಿ, ಅರಬ್ಬಿ ಸಮುದ್ರದ ಮೇಲೆ ಸಾಗಿ, ಒಮಾನ್ ಮೇಲಿಂದ ದುಬೈ ಸೇರಿತು. ವಿಮಾನ ದಾರದ ಮೇಲೇ ಹೋಗಬೇಕೆಂದಿಲ್ಲ. ಅದಕ್ಕೆ ನಿಗದಿಯಾದ ವಾಯುಮಾರ್ಗಗಳಿವೆ, ಹವೆ ನೋಡಿ ಬಳಸಿ ಹೋಗುವುದೂ ಇದೆ. ಮಂಡ್ಯ–ಮದ್ದೂರು ನಡುವೆ ನಕ್ಷೆಯಲ್ಲಿ ಅಳತೆಪಟ್ಟಿ ಇಟ್ಟರೆ ಹದಿನೇಳು ಹದಿನೆಂಟು ಕಿಲೋಮೀಟರ್, ರಸ್ತೆಯಲ್ಲಿ ಇಪ್ಪತ್ತರ ಹತ್ತಿರ. ದೂರ ಮತ್ತು ಸ್ಥಾನಪಲ್ಲಟದ ಪಾಠ ಇಲ್ಲಿ ತಾನಾಗಿಯೇ ಮತ್ತೆ ಬಂತು.

ಹತ್ತು ನಿಮಿಷದ ವ್ಯತ್ಯಾಸಕ್ಕೆ ಮುಖ್ಯ ಕಾರಣ ಗಾಳಿ. ಚಳಿಗಾಲದಲ್ಲಿ ಉಪೋಷ್ಣ ವಲಯದ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆಯೇ ಹರಿಯುತ್ತದೆ. ಆಗ ಬೆಂಗಳೂರಿಗೆ ಬರುವ ವಿಮಾನಕ್ಕೆ ಬೆನ್ನ ಗಾಳಿ, ಹೋಗುವುದಕ್ಕೆ ಎದುರು ಗಾಳಿ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಇದಕ್ಕೆ ತದ್ವಿರುದ್ಧವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಈ ಪೂರ್ವದ ಗಾಳಿಹೊಳೆಯ ಬಗ್ಗೆ 1958ರಲ್ಲಿ ಪ್ರಬಂಧ ಬರೆದು ಜಗತ್ತಿಗೆ ವಿವರಿಸಿದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ನಮ್ಮ ಮುಂಗಾರಿನ ಅಧ್ಯಯನದಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ.

ಆಗ ಒಬ್ಬ ಹುಡುಗ ಕೇಳಿದ: “ಭೂಮಿ ಪೂರ್ವಕ್ಕೆ ತಿರುಗ್ತದಲ್ಲ ಮಿಸ್, ಹಂಗಾದ್ರೆ ಮೇಲೆ ಹಾರಿ ಸುಮ್ನೆ ನಿಂತ್ಕಂಡ್ರೂ ದುಬೈ ತಾನೇ ಕೆಳಗೆ ಬರಬೇಕಲ್ವಾ?” ಈ ಸಲ ನಾನು ‘ಹಾಗೆ ಆಗಲ್ಲ’ ಎನ್ನಲಿಲ್ಲ. ಹಾಗೆ ಆಗುವುದಾದರೆ ಎಷ್ಟು ಹೊತ್ತು ನಿಲ್ಲಬೇಕು ಎಂದು ಕೇಳಿದೆ. ಸುಮಾರು ಒಂದೂವರೆ ಗಂಟೆ ಎಂದು ಅವರೇ ಲೆಕ್ಕ ಹಾಕಿದರು. ಬೆಂಗಳೂರಿನ ಅಕ್ಷಾಂಶದಲ್ಲಿ ನೆಲವೇ ಗಂಟೆಗೆ 1,600 ಕಿ.ಮೀ.ಗೂ ಮಿಕ್ಕಿದ ಜವದಲ್ಲಿ ಸುತ್ತುತ್ತಿದೆ. ಆಮೇಲೆ ಕೇಳಿದೆ: ಮಂಡ್ಯದಿಂದ ಮದ್ದೂರಿಗೆ ರೈಲಿನಲ್ಲಿ ಬರುವಾಗ ಕಡಲೆಕಾಯಿಯನ್ನು ಮೇಲಕ್ಕೆ ಎಸೆದರೆ ಎಲ್ಲಿ ಬೀಳುತ್ತದೆ? ‘ಕೈಗೇ’ ಎಂದರು. ರೈಲಿನೊಳಗಿನ ಕಡಲೆಕಾಯಿ ರೈಲಿನ ಜೊತೆಗೇ ಹೋಗುವ ಹಾಗೆ ಗಾಳಿಯೂ ಅದರಲ್ಲಿರುವ ವಿಮಾನವೂ ಭೂಮಿಯ ಜೊತೆಗೇ ತಿರುಗುತ್ತವೆ. ಮುಂದಿನ ಘಟಕದ ಜಡತ್ವಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನ್ನ ಯಾವ ಪಾಠಯೋಜನೆಯಲ್ಲೂ ಇಲ್ಲ.

ಕೊನೆಗೆ ಆ ಹುಡುಗಿಯೇ ಇನ್ನೊಂದು ಲೆಕ್ಕ ಎತ್ತಿದಳು. “ಅಪ್ಪ ಮನೆ ಬಿಡೋದು ಬೆಳಗಿನ ಜಾವ ನಾಲ್ಕಕ್ಕೇ ಮಿಸ್. ಅಲ್ಲಿ ರೂಮಿಗೆ ಹೋಗೋದು ಮೂರು ಗಂಟೆಗೆ.” ದುಬೈನ ಮೂರು ಗಂಟೆ ಎಂದರೆ ನಮ್ಮ ನಾಲ್ಕೂವರೆ. ಮನೆಯಿಂದ ರೂಮಿಗೆ ಹನ್ನೆರಡೂವರೆ ಗಂಟೆ, ಅದರಲ್ಲಿ ವಿಮಾನದ ಪಾಲು ನಾಲ್ಕೇ. ಮದ್ದೂರಿನ ಕಡೆಯಿಂದ ದೇವನಹಳ್ಳಿ ಹತ್ತಿರದ ವಿಮಾನ ನಿಲ್ದಾಣಕ್ಕೆ ಇರುವ ನೂರಿಪ್ಪತ್ತು ಕಿಲೋಮೀಟರನ್ನೂ ಸೇರಿಸಿ ಭಾಗಿಸಿದರೆ ಇಡೀ ಪ್ರಯಾಣದ ಸರಾಸರಿ ಗಂಟೆಗೆ 225 ಕಿ.ಮೀ. ಹೀಗೆ ಒಂದೇ ಪ್ರಯಾಣಕ್ಕೆ ಎರಡೂವರೆ, ಮೂರು, ನಾಲ್ಕು, ಹನ್ನೆರಡೂವರೆ ಎಂಬ ನಾಲ್ಕು ಉತ್ತರಗಳು ಹಲಗೆಯ ಮೇಲಿದ್ದವು. ಪ್ರತಿಯೊಂದರ ಮುಂದೆ ಅದು ಯಾವ ಪ್ರಶ್ನೆಯ ಉತ್ತರ ಎಂದು ಮಕ್ಕಳು ಬರೆದರು: ಎರಡು ಊರಿನ ಗಡಿಯಾರ, ಒಂದೇ ಜವವೆಂಬ ಊಹೆ, ಟಿಕೆಟ್‌ನ ನಿಜ ಕಾಲ, ಮನೆಯಿಂದ ಮನೆಗೆ.

ನನ್ನ ವಾದ

ಇದನ್ನು ಓದಿ ‘ಮಕ್ಕಳು ಹೇಳಿದ್ದೆಲ್ಲ ಸರಿ’ ಎಂಬ ವಾದ ಎಂದು ಯಾರೂ ತಿಳಿಯಬಾರದು. ಎರಡೂವರೆ ಗಂಟೆ ಹಾರಾಟದ ಕಾಲವಲ್ಲ. ಅದನ್ನು ತೋರಿಸಿಕೊಟ್ಟದ್ದೂ ದೂರ ಭಾಗಿಸು ಕಾಲ ಎಂಬ ಅದೇ ಸೂತ್ರವೇ. ಒಂದೇ ಜವ ಎಂದು ಊಹಿಸಿಕೊಂಡು ಲೆಕ್ಕ ಮಾಡಿಸುವುದೂ ತಪ್ಪಲ್ಲ. ಸರಳ ಮಾಡಿಕೊಳ್ಳದೆ ಭೌತವಿಜ್ಞಾನವೇ ಶುರುವಾಗುವುದಿಲ್ಲ. ತಪ್ಪಾದದ್ದು ಆ ಸರಳ ಲೆಕ್ಕವನ್ನು ಹಿಡಿದು ಮಗುವಿನ ಅನುಭವದ ಬಾಯಿ ಮುಚ್ಚಿಸಿದ್ದು. ‘ಹೇಗೆ ಗೊತ್ತು?’ ಎಂಬ ಎರಡು ಪದದ ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಏಕೆ ಕೇಳಲಿಲ್ಲ ಎಂದರೆ, ಕೇಳಲು ನನ್ನ ಯೋಜನೆಯಲ್ಲಿ ಜಾಗವಿರಲಿಲ್ಲ. ನಮ್ಮ ಪಾಠಯೋಜನೆಯಲ್ಲಿ ತೊಡಗಿಸುವಿಕೆಯಿಂದ ಮೌಲ್ಯಮಾಪನದವರೆಗೆ ಐದು ಹಂತಗಳಿವೆ. ಶಿಕ್ಷಕರ ಚಟುವಟಿಕೆಗೆ ಒಂದು ಅಂಕಣ, ವಿದ್ಯಾರ್ಥಿಗಳ ಚಟುವಟಿಕೆಗೆ ಒಂದು. ವಿದ್ಯಾರ್ಥಿಗಳ ಅಂಕಣದಲ್ಲಿ ನಾವು ಬರೆಯುವುದು ನಮಗೆ ಬೇಕಾದ ಉತ್ತರವನ್ನೇ. ತರಗತಿಗೆ ಹೋಗುವ ಮೊದಲೇ ಮಕ್ಕಳ ಬಾಯಿಂದ ‘ಮೂರು ಗಂಟೆ’ ಎಂದು ಬರೆಸಿ, ಸಹಿ ಹಾಕಿಸಿಕೊಂಡಿರುತ್ತೇವೆ. ಆಮೇಲೆ ತರಗತಿಯಲ್ಲಿ ಬೇರೆ ಉತ್ತರ ಬಂದರೆ ಅದು ಅಡಚಣೆಯ ಹಾಗೆ ಕಾಣುತ್ತದೆ. ಪಾಠ ಹೇಳಿದ ಹಾಗೆ ಮುಗಿದರೆ ಅಂಕ ಎಂಬ ಭಯವೂ ಜೊತೆಗಿರುತ್ತದೆ. ನಾವು ರಚನಾವಾದವನ್ನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆಯುತ್ತೇವೆ, ತರಗತಿಯಲ್ಲಿ ಆರು ನಿಮಿಷ ಉಳಿದಾಗ ಮರೆಯುತ್ತೇವೆ.

ಆದ್ದರಿಂದ ನನ್ನ ಕೋರಿಕೆ ಮೂರು. ಮೊದಲನೆಯದು, ಪಾಠಯೋಜನೆಯಲ್ಲಿ ನಿರೀಕ್ಷಿತ ಉತ್ತರದ ಪಕ್ಕ ‘ಬರಬಹುದಾದ ಬೇರೆ ಉತ್ತರಗಳು, ಅವುಗಳ ಹಿಂದಿನ ಕಾರಣ’ ಎಂದು ನಾಲ್ಕು ಸಾಲಿನ ಜಾಗ ಇರಲಿ. ಎಲ್ಲವನ್ನೂ ಊಹಿಸಲಾಗದು, ಆದರೆ ಊಹಿಸುವ ಅಭ್ಯಾಸವಿದ್ದರೆ ಊಹಿಸದೆ ಇದ್ದದ್ದು ಬಂದಾಗಲೂ ಕೈಕಾಲು ಆಡುತ್ತದೆ. ಎರಡನೆಯದು, ವೀಕ್ಷಣಾ ಪುಟದಲ್ಲಿ ‘ಅನಿರೀಕ್ಷಿತ ಉತ್ತರಕ್ಕೆ ಕಾರಣ ಕೇಳಿದರೇ?’ ಎಂಬ ಒಂದು ಅಂಶ ಸೇರಲಿ. ಅಂಕವಿರುವ ಕಡೆಗೆ ನಮ್ಮ ಗಮನ ಹೋಗುತ್ತದೆ ಎಂಬುದನ್ನು ಪ್ರಶಿಕ್ಷಣಾರ್ಥಿಯಾಗಿ ನಾನು ಪ್ರಾಮಾಣಿಕವಾಗಿ ಒಪ್ಪುತ್ತೇನೆ. ಮೂರನೆಯದು, ಘಟಕಕ್ಕೆ ಒಂದಾದರೂ ಲೆಕ್ಕ ನಿಜವಾದ ಸಂಖ್ಯೆಗಳ ಮೇಲೆ ಇರಲಿ, ಶೇಷ ಬಂದರೂ ಬರಲಿ.

ಇದಕ್ಕೆ ಆಕ್ಷೇಪಗಳಿವೆ ಎಂದು ಗೊತ್ತು. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ನಮ್ಮ ಮಾರ್ಗದರ್ಶಕರು ಕೇಳಿಯಾರು. ನನಗೂ ಇನ್ನೊಂದು ಪೀರಿಯಡ್ ಬೇಕಾಯಿತು, ಎಲ್ಲರಿಗೂ ಅದು ಸಿಗುವುದಿಲ್ಲ. ಆದರೆ ಆ ದಿನವೇ ಎಲ್ಲವನ್ನೂ ಬಿಡಿಸಬೇಕಾಗಿರಲಿಲ್ಲ. ‘ಇದು ಒಳ್ಳೆಯ ಪ್ರಶ್ನೆ, ಹಲಗೆಯ ಮೂಲೆಯಲ್ಲಿ ಬರೆದಿಡೋಣ, ನಾಳೆ ನೋಡೋಣ’ ಎನ್ನುವುದಕ್ಕೆ ಅರ್ಧ ನಿಮಿಷ ಸಾಕು. ಮಗುವಿನ ಮಾತು ತಪ್ಪೆಂದು ಹೇಳುವುದಕ್ಕೂ ನನಗೆ ಅಷ್ಟೇ ಹೊತ್ತು ಹಿಡಿದಿತ್ತು. ವಾರ್ಷಿಕ ಪರೀಕ್ಷೆಯಲ್ಲಿ ದುಬೈ ಬರುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ನಿಜ. ಆದರೆ ಸರಾಸರಿ ಜವ ಬರುತ್ತದೆ, ದೂರ ಮತ್ತು ಸ್ಥಾನಪಲ್ಲಟ ಬರುತ್ತದೆ, ಜಡತ್ವ ಬರುತ್ತದೆ. ಅವು ಮೂರೂ ಆ ಶನಿವಾರದ ಹಲಗೆಯ ಮೇಲಿದ್ದವು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಿಜ ಜೀವನದ ಉದಾಹರಣೆ ಬೇಕೆಂದು ಮಕ್ಕಳ ಮನೆಯ ವಿಷಯ ಕೆದಕಬಾರದು. ಆ ಹುಡುಗಿ ತಾನಾಗಿ ಹೇಳಿದಳು. ಅಪ್ಪ ದೂರದಲ್ಲಿರುವುದನ್ನು ಹೇಳಿಕೊಳ್ಳಲು ಇಷ್ಟವಿಲ್ಲದ ಮಕ್ಕಳೂ ಅದೇ ತರಗತಿಯಲ್ಲಿರಬಹುದು. ಬಂದದ್ದನ್ನು ಗೌರವದಿಂದ ತೆಗೆದುಕೊಳ್ಳಬೇಕು, ಬಾರದ್ದನ್ನು ಎಳೆಯಬಾರದು. ವಿಮಾನವೇ ಬೇಕೆಂದೂ ಇಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ನಮ್ಮ ಜಿಲ್ಲೆಯನ್ನೇ ಸೀಳಿಕೊಂಡು ಹೋಗಿದೆ. ಬೆಂಗಳೂರು ಇದ್ದಲ್ಲೇ ಇದೆ, ಕಾರಿನವರಿಗೆ ಹಿಡಿಯುವ ಕಾಲ ಮಾತ್ರ ಇಳಿಯಿತು. ಅದೇ ವರ್ಷದ ಆಗಸ್ಟ್‌ನಿಂದ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ, ಹಾಗಾಗಿ ಸರ್ವಿಸ್ ರಸ್ತೆಯ ಬೈಕಿನವರಿಗೆ ಆ ಲಾಭವಿಲ್ಲ. ಮಂಡ್ಯಕ್ಕೂ ಮದ್ದೂರಿಗೂ ರೈಲಿದೆ, ಮಳವಳ್ಳಿಗೆ ಇಲ್ಲ. ಕಿಲೋಮೀಟರ್ ಎಲ್ಲರಿಗೂ ಒಂದೇ, ಗಂಟೆ ಒಂದೇ ಅಲ್ಲ ಎಂಬುದನ್ನು ನಮ್ಮ ಮಕ್ಕಳು ದಿನಾ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಕಲಿತಿರುತ್ತಾರೆ.

ಶನಿವಾರ ಪೀರಿಯಡ್ ಮುಗಿದ ಮೇಲೆ ಆ ಹುಡುಗಿ ಹಲಗೆಯಲ್ಲಿದ್ದ ನಾಲ್ಕು ಉತ್ತರಗಳನ್ನೂ ಪುಸ್ತಕಕ್ಕೆ ಬರೆದುಕೊಂಡಳು. “ಇವತ್ತು ಫೋನ್ ಮಾಡ್ದಾಗ ಅಪ್ಪಂಗೆ ಹೇಳ್ತೀನಿ, ನಾಲ್ಕು ಗಂಟೆ ಅಂತ” ಎಂದಳು. ಸ್ವಲ್ಪ ತಡೆದು, “ಆದ್ರೆ ಅಪ್ಪ ಹೇಳಿದ್ದು ಸುಳ್ಳಲ್ಲ, ಅಲ್ವಾ ಮಿಸ್?” ಎಂದು ಕೇಳಿದಳು. ಸುಳ್ಳಲ್ಲ ಎಂದೆ. ಅವರು ಗಡಿಯಾರ ಸರಿಯಾಗಿ ನೋಡಿ ಹೇಳಿದ್ದರಿಂದಲೇ ನಮಗೆ ಲೆಕ್ಕ ಸಿಕ್ಕಿತು ಎಂದೂ ಹೇಳಿದೆ.

ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಆ ಪುಟ ಹಾಗೇ ಇದೆ. ನಿರೀಕ್ಷಿತ ಉತ್ತರದ ಪಕ್ಕ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಹೇಗೆ ಗೊತ್ತು ಎಂದು ಕೇಳು’ ಎಂದು ಬರೆದುಕೊಂಡಿದ್ದೇನೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳ ಪುಸ್ತಕದಲ್ಲಿ ಆ ಸಾಲು ಅಂಚಿನಲ್ಲಿರದೆ ನಮೂನೆಯಲ್ಲೇ ಅಚ್ಚಾಗಿರಲಿ ಎಂಬುದು ನನ್ನ ಆಸೆ.